ಮೂರನೆಯ ಸಲ ಕೇಳುವವರೆಗೆ

ನಮ್ಮ ಮನೆಯಲ್ಲಿ ನಾಲ್ಕು ಜನ ಇದ್ದೇವೆ. ಮರ್ಯಾದೆ ಇರುವುದು ಒಬ್ಬನಿಗೆ ಮಾತ್ರ. ಆ ಒಬ್ಬನ ಹೆಸರು ಆರ್ಲೆನ್ ಟ್ವೈಟ್, ಅಂದರೆ ನಾನೇ. ಉಳಿದ ಮೂವರನ್ನು ಕೇಳಿದರೆ ಅದು ಮರ್ಯಾದೆಯಲ್ಲ, ಒಂದು ಬಗೆಯ ಕಾಯಿಲೆ ಎನ್ನುತ್ತಾರೆ. ಇರಲಿ. ಕಳೆದ ಶನಿವಾರ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ, ತಪ್ಪು ಯಾರದೆಂದು ನೀವೇ ತೀರ್ಮಾನಿಸಿ. (ಅವಸರ ಮಾತ್ರ ಬೇಡ. ನನ್ನ ಹೆಂಡತಿ ಮಾರ್ಲಿಸ್ ಅವಸರದಲ್ಲೇ ತೀರ್ಮಾನಿಸಿದ್ದು.)

ಮೊದಲು ಮರ್ಯಾದೆ ಎಂದರೇನೆಂದು ಹೇಳಬೇಕು. ಮಿನ್ನೆಸೋಟದ ಈ ಪಡುವಣ ಮೂಲೆಯಲ್ಲಿ ನಮ್ಮ ಅಜ್ಜ ಮುತ್ತಜ್ಜಂದಿರು ಹಾಕಿಕೊಟ್ಟ ಒಂದು ಪದ್ಧತಿ ಇದೆ. ಯಾರಾದರೂ ಏನಾದರೂ ಕೊಡಲು ಬಂದರೆ ಎರಡು ಸಲ ಬೇಡ ಎನ್ನಬೇಕು. ಮೊದಲನೆಯ ಬೇಡ ನಮಸ್ಕಾರ ಇದ್ದ ಹಾಗೆ, ಅದಕ್ಕೆ ಅರ್ಥವಿಲ್ಲ. ಎರಡನೆಯದು ಸಂಕೋಚ. ಮೂರನೆಯ ಸಲ ಕೇಳಿದಾಗ ನೆಲ ನೋಡುತ್ತ, "ನಿಮಗೆ ಅಷ್ಟೊಂದು ತೊಂದ್ರೆ ಇಲ್ಲ ಅಂದ್ರೆ..." ಎಂದು ರಾಗ ಎಳೆಯಬೇಕು. ಕಾಫಿಗೂ ಇದೇ, ಕೇಕಿಗೂ ಇದೇ, ಕೊಟ್ಟಿಗೆಗೆ ಬೆಂಕಿ ಬಿದ್ದಾಗ ನೀರು ಹೊತ್ತು ತಂದವರಿಗೂ ಇದೇ. ಮದುವೆಯಾಗುತ್ತೀಯಾ ಎಂದು ನಾನು ಮಾರ್ಲಿಸಳನ್ನು ಕೇಳಿದಾಗ ಅವಳು "ಛೆ, ನಿನಗ್ಯಾಕೆ ಸುಮ್ನೆ ತೊಂದ್ರೆ" ಎಂದು ಎರಡು ಸಲ ಹೇಳಿ ಮೂರನೆಯದಕ್ಕೆ ಒಪ್ಪಿಕೊಂಡಳು. (ಎರಡನೆಯದಕ್ಕೇ ನಿಲ್ಲಿಸಬೇಕಿತ್ತು ಎಂದು ಈಗ ಹೇಳುತ್ತಾಳೆ. ಯಾರು ನಿಲ್ಲಿಸಬೇಕಿತ್ತು ಎಂದು ನಾನು ಕೇಳಲು ಹೋಗಿಲ್ಲ.)

ನನ್ನ ಮಕ್ಕಳಿಬ್ಬರಿಗೂ ಈ ಸಂಸ್ಕಾರವನ್ನು ಹಾಲಿನ ಜೊತೆಗೇ ಕುಡಿಸಿದ್ದೆ. ದೊಡ್ಡವಳು ಬ್ರಿಟಾ, ಹದಿನಾರು ವರ್ಷ. ಕಾರು ಓಡಿಸುವ ಲೈಸೆನ್ಸು ಕೈಗೆ ಬಂದು ಹದಿನೈದು ದಿನ ಆಗಿತ್ತು. ಚಿಕ್ಕವನು ಟೋರಿನ್, ಹದಿನೈದು, ಅವನ ಹತ್ತಿರ ಇನ್ನೂ ಕಲಿಯುವವರ ಲೈಸೆನ್ಸು. ಅಂದರೆ ಪಕ್ಕದಲ್ಲಿ ದೊಡ್ಡವರನ್ನು ಕೂರಿಸಿಕೊಂಡು ಅವರ ರಕ್ತದೊತ್ತಡ ಏರಿಸುವ ಪರವಾನಗಿ.

ಬ್ರಿಟಾಳಿಗೆ ರೀಡ್ ಲೇಕ್ ಎಂಬ ಕೆರೆದಂಡೆಯ ಊರಿನಲ್ಲಿ ಬೇಸಿಗೆಯ ಕೆಲಸ ಒಂದು ಬೇಕಿತ್ತು. ಕೆರೆಯಲ್ಲಿ ಈಜುವವರನ್ನು ಎತ್ತರದ ಕುರ್ಚಿಯ ಮೇಲೆ ಕೂತು ನೋಡಿಕೊಳ್ಳುವುದು, ಯಾರಾದರೂ ಮುಳುಗಿದರೆ ಹಾರಿ ಎಳೆದು ತರುವುದು. ಹುಡುಗಿ ಇದಕ್ಕಾಗಿ ಚಳಿಗಾಲ ಪೂರ್ತಿ, ಹೊರಗೆ ಹಿಮ ಮೊಣಕಾಲುದ್ದ ಬಿದ್ದಿರುವಾಗ, ಬೆಳಿಗ್ಗೆ ಆರಕ್ಕೆ ಎದ್ದು ಶಾಲೆಯ ಒಳಾಂಗಣ ಈಜುಕೊಳದಲ್ಲಿ ಈಜಿದ್ದಳು. ಪರೀಕ್ಷೆಯೂ ಪಾಸು. ಉಳಿದಿದ್ದು ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಮಿಸೆಸ್ ಕ್ವಾಮ್ ಎಂಬ ಮೇಲ್ವಿಚಾರಕಿಯ ಮುಂದೆ ಹಾಜರಾಗುವುದೊಂದೇ. ಹನ್ನೆರಡೂಕಾಲಿಗೆ ಇನ್ನೊಬ್ಬ ಹುಡುಗನನ್ನು ಕರೆದಿದ್ದರು, ಇದ್ದದ್ದು ಒಂದೇ ಜಾಗ.

ರೀಡ್ ಲೇಕ್ ನಮ್ಮ ನಾರ್ಡಾಲ್‌ನಿಂದ ಮೂವತ್ತೆರಡು ಮೈಲಿ. ಕೆಲಸ ಸಿಕ್ಕರೆ ಬೇಸಿಗೆ ಪೂರ್ತಿ ನನ್ನ ಕಾರು ಬೇಕು. ಆಗಲೇ ನನಗೊಂದು ದಿವ್ಯವಾದ ಯೋಚನೆ ಹೊಳೆಯಿತು. ಶನಿವಾರ ಅವಳೇ ಕಾರು ಓಡಿಸಲಿ, ನಾನು ಹಿಂದಿನ ಸೀಟಿನಲ್ಲಿ ಮೂಟೆಯ ಹಾಗೆ ಕೂತಿರುತ್ತೇನೆ, ಬಾಯಿ ತೆರೆಯುವುದಿಲ್ಲ. ದಾರಿಯಲ್ಲಿ ಏನೇ ಬರಲಿ ಅವಳೇ ನಿಭಾಯಿಸಬೇಕು. ಹನ್ನೆರಡರೊಳಗೆ ತಲುಪಿದರೆ ಕೀಲಿ ಬೇಸಿಗೆ ಮುಗಿಯುವವರೆಗೆ ಅವಳದು. ತಲುಪದಿದ್ದರೆ ಕಾರೂ ಇಲ್ಲ, ಕೆಲಸವೂ ಇಲ್ಲ. ಈ ಮಹಾಪ್ರಕಟಣೆಯನ್ನು ನಾನು ಊಟದ ಮೇಜಿನ ಬಳಿ ಎದ್ದು ನಿಂತು ಮಾಡಿದೆ.

ಬ್ರಿಟಾ ಒಪ್ಪಿದಳು. ಮಾರ್ಲಿಸ್ ಮಾತ್ರ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಗೋಡೆಗೆ ಒರಗಿ ನಕ್ಕಳು.

"ನೀನು? ಬಾಯಿ? ಮುಚ್ಕೊಂಡು ಕೂರೋದು?" ಎಂದು ಮೂರು ಕಂತಿನಲ್ಲಿ ಕೇಳಿದಳು.

ನಾನು ಉತ್ತರ ಕೊಡಲಿಲ್ಲ. ಬಾಯಿ ಮುಚ್ಚಿಕೊಂಡು ಕೂರಬಲ್ಲೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೇ?

ಶನಿವಾರ ಹತ್ತಕ್ಕೆ ಹೊರಟೆವು. ಮಾರ್ಲಿಸ್ ಬೆಳಿಗ್ಗೆಯೇ ನಮ್ಮ ಪಿಕಪ್ ಟ್ರಕ್ಕು ತೆಗೆದುಕೊಂಡು ವೃದ್ಧಾಶ್ರಮದ ಡ್ಯೂಟಿಗೆ ಹೋಗಿದ್ದಳು, ಅದು ಇನ್ನೊಂದು ದಿಕ್ಕಿನಲ್ಲಿ ನಲವತ್ತು ಮೈಲಿ. ಟೋರಿನ್ ಮುಂದಿನ ಸೀಟಿನಲ್ಲಿ ದಾರಿ ತೋರಿಸುವವನಾಗಿ ಕೂತ. (ಆ ರಸ್ತೆಯಲ್ಲಿ ತಿರುವು ಇರುವುದು ಒಂದೇ, ಅದೂ ಕೊನೆಯಲ್ಲಿ. ಆದರೂ ಅವನು ಐದು ನಿಮಿಷಕ್ಕೊಮ್ಮೆ "ನೇರಕ್ಕೆ ಹೋಗು" ಎನ್ನುತ್ತಿದ್ದ.) ಬ್ರಿಟಾ ಚೆನ್ನಾಗಿಯೇ ಓಡಿಸಿದಳು. ನಾನು ಹಿಂದೆ ಕೂತು, ಇಲ್ಲದ ಬ್ರೇಕನ್ನು ಬಲಗಾಲಿನಲ್ಲಿ ಒತ್ತಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ತುಟಿ ಎರಡು ಮಾಡಲಿಲ್ಲ.

ಹದಿನೆಂಟನೆಯ ಮೈಲಿಯಲ್ಲಿ, ಎರಡೂ ಕಡೆ ಉತ್ತ ಹೊಲ ಬಿಟ್ಟರೆ ನರಪಿಳ್ಳೆ ಇಲ್ಲದ ಕಡೆ, ಹಿಂದಿನ ಎಡ ಟೈರು ಢಬ್ ಎಂದಿತು.

ನನ್ನ ಮಗಳು ಗಾಬರಿಯಾಗಲಿಲ್ಲ. ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದು, ನಿಧಾನ ಮಾಡಿ, ಕಾರನ್ನು ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ತಂದಳು. ಮಿಣುಕುವ ದೀಪ ಹಾಕಿದಳು. ಟೋರಿನ್ ಕೈಯಲ್ಲಿ ಕೆಂಪು ತ್ರಿಕೋನ ಕೊಟ್ಟು ಹಿಂದೆ ದೂರದಲ್ಲಿ ಇಟ್ಟು ಬಾ ಎಂದಳು. ನನ್ನನ್ನು ಇಳಿಸಿ ರಸ್ತೆಯಾಚೆಯ ಹುಲ್ಲಿನ ದಿಬ್ಬದ ಮೇಲೆ ಕೂರಿಸಿದಳು. ಡಿಕ್ಕಿಯಿಂದ ಸ್ಟೆಪ್ನಿ, ಜಾಕು, ಪಾನಾ ಎಲ್ಲ ಇಳಿಸಿದಳು. ಜಾಕು ಏರಿಸುವ ಮೊದಲೇ ನಟ್ಟು ಸಡಿಲಿಸಬೇಕು ಎಂದು ತಮ್ಮನಿಗೆ ಪಾಠವನ್ನೂ ಹೇಳಿದಳು. ನಾನು ಮನಸ್ಸಿನಲ್ಲೇ ನೂರಕ್ಕೆ ನೂರು ಕೊಟ್ಟು, ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದೆ. ನಾನು ಅಲ್ಲಿ ಇರಲೇ ಇಲ್ಲ ಎಂದು ಇಟ್ಟುಕೊಳ್ಳಿ.

ನಟ್ಟು ಅಲುಗಲಿಲ್ಲ.

ಬ್ರಿಟಾ ಪಾನಾ ಹಿಡಿದು ತಿರುಗಿಸಿದಳು, ಆಗಲಿಲ್ಲ. ಟೋರಿನ್ ತಿರುಗಿಸಿದ, ಆಗಲಿಲ್ಲ. ಇಬ್ಬರೂ ಪಾನಾದ ಮೇಲೆ ಹತ್ತಿ ನಿಂತು ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಣಿದರು, ಐದರಲ್ಲಿ ಒಂದೂ ಕದಲಲಿಲ್ಲ.

"ಯಾರು ಇದನ್ನ ಹೀಗೆ ಬಿಗಿ ಮಾಡಿದ್ದು?" ಎಂದ ಟೋರಿನ್.

ನಾನು ಟೋಪಿಯೊಳಗಿನಿಂದ ಆಕಾಶದ ಬಗ್ಗೆ ಯೋಚಿಸಿದೆ. ಹೋದ ತಿಂಗಳು ಚಳಿಗಾಲದ ಟೈರು ಬದಲಿಸುವಾಗ, ಮಗಳ ಕೈಗೆ ಕಾರು ಹೋಗುತ್ತದಲ್ಲ ಎಂಬ ಪ್ರೀತಿಯಿಂದ, ಪಾನಾಗೆ ನಾಲ್ಕಡಿ ಪೈಪು ಸಿಕ್ಕಿಸಿ ನನ್ನ ಪೂರ್ತಿ ಭಾರ ಹಾಕಿ ಬಿಗಿದಿದ್ದೆ. ಇದನ್ನು ಬಿಚ್ಚುವ ಗಂಡು ಈ ಜಿಲ್ಲೆಯಲ್ಲಿ ಹುಟ್ಟಿಲ್ಲ ಎಂದು ಮಾರ್ಲಿಸಳ ಮುಂದೆ ಎದೆ ತಟ್ಟಿಕೊಂಡೂ ಇದ್ದೆ. ಆ ಪೈಪು ಈಗ ಮನೆಯ ಷೆಡ್ಡಿನಲ್ಲಿ ಸುಖವಾಗಿ ಒರಗಿಕೊಂಡಿತ್ತು.

ಬ್ರಿಟಾ ರಸ್ತೆ ಸಹಾಯದವರ ನಂಬರಿಗೆ ಫೋನ್ ಮಾಡಿದಳು. ಅವರು ತುಂಬ ಅಕ್ಕರೆಯಿಂದ ಮಾತಾಡಿ, ಆ ಕಡೆಗೆ ಇರುವವನು ಒಬ್ಬನೇ, ಅವನು ದೋಣಿಯಲ್ಲಿದ್ದಾನೆ, ಮೂರು ಗಂಟೆಗೆ ಬರುತ್ತಾನೆ ಎಂದರಂತೆ. ತಪ್ಪು ಹೇಳುವ ಹಾಗಿಲ್ಲ. ಅಂದು ಮೀನು ಹಿಡಿಯುವ ಹಂಗಾಮು ಶುರುವಾದ ಮೊದಲ ಶನಿವಾರ. ನಮ್ಮ ಸೀಮೆಯಲ್ಲಿ ಆ ದಿನ ಸತ್ತವರೂ ಸೋಮವಾರದವರೆಗೆ ಕಾಯುತ್ತಾರೆ. ಆಮೇಲೆ ಅಮ್ಮನಿಗೆ ಫೋನ್ ಮಾಡಿದಳು. ಅದು ದಿಬ್ಬದವರೆಗೂ ಕೇಳಿಸಿತು.

"ಅಪ್ಪ ಜೊತೆಗಿದ್ದಾರಾ?" ಎಂದಳು ಮಾರ್ಲಿಸ್.

"ಇದ್ದಾರೆ."

"ಹಾಗಾದ್ರೆ ನಿಮಗೆ ಒಂದಲ್ಲ, ಎರಡು ಕಷ್ಟ. ಮೊದಲು ಟೈರಿಂದು ನೋಡಿ."

ಡ್ಯೂಟಿ ಬಿಟ್ಟು ಬರಲಾಗುವುದಿಲ್ಲ, ಆ ರಸ್ತೆಯಲ್ಲಿ ಹೋಗುವ ಯಾರ ಹತ್ತಿರವಾದರೂ ಉದ್ದನೆಯ ಪಾನಾ ಇದ್ದೇ ಇರುತ್ತದೆ, ಕೇಳಿ ಎಂದು ಹೇಳಿ ಫೋನ್ ಇಟ್ಟಳು. ಗಂಟೆ ಹತ್ತೂ ಮುಕ್ಕಾಲು.

ಹೇಳಿದ ಹಾಗೆಯೇ ಐದು ನಿಮಿಷದಲ್ಲಿ ಒಂದು ಟ್ರಕ್ಕು ಬಂದು ನಿಂತಿತು. ಡೆಲ್ಮರ್ ಹೌಗನ್. ಅಲ್ಲೇ ಹತ್ತಿರದಲ್ಲಿ ಹೊಲ ಇರುವ ರೈತ. ನಾನು ಧಾನ್ಯದ ಗೋದಾಮಿನಲ್ಲಿ ತೂಕ ನೋಡುವವನಾದ್ದರಿಂದ ಇಪ್ಪತ್ತು ವರ್ಷದ ಪರಿಚಯ. ಅವನ ಟ್ರಕ್ಕಿನ ಹಿಂದೆ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎಂದು ಕೇಳುವುದು ಸುಲಭ.

"ಏನಮ್ಮ ಬ್ರಿಟಾ, ಟೈರು ಹೋಯ್ತಾ? ಒಂದು ಕೈ ಹಾಕ್ಲಾ?"

"ಪರವಾಗಿಲ್ಲ ಮಿಸ್ಟರ್ ಹೌಗನ್, ನಿಮಗ್ಯಾಕೆ ತೊಂದ್ರೆ" ಎಂದಳು ಬ್ರಿಟಾ. ಟೋಪಿಯೊಳಗೆ ನನ್ನ ಎದೆ ಉಬ್ಬಿತು. ಇಂಥ ಹೊತ್ತಿನಲ್ಲೂ ಹುಡುಗಿ ಮನೆತನ ಬಿಡಲಿಲ್ಲ.

"ಉದ್ದಂದು ಪಾನಾ ಇದೆ ಕಣಮ್ಮ. ಎರಡು ನಿಮಿಷದ ಕೆಲಸ."

ಇದು ಎರಡನೆಯ ಸಲ. ಬ್ರಿಟಾ ಗಡಿಯಾರ ನೋಡಿದಳು, ತಮ್ಮನ ಮುಖ ನೋಡಿದಳು, "ಹಾಗಾದ್ರೆ..." ಎಂದು ಬಾಯಿ ತೆರೆದಳು. ಆಗ ನಡೆದದ್ದಕ್ಕೆ ನಾನು ಹೊಣೆಯಲ್ಲ. ನಾಲಿಗೆ ನನ್ನದೇ ಇರಬಹುದು, ಆದರೆ ಅದನ್ನು ತಿರುಗಿಸಿದ್ದು ನನ್ನ ನಾಲ್ಕು ತಲೆಮಾರು.

"ಏನಿಲ್ಲ ಡೆಲ್ಮರ್, ಬಿತ್ತನೆ ಹೊತ್ತು, ನೀನು ಹೋಗು" ಎಂದು ದಿಬ್ಬದಿಂದ ಕೂಗಿದೆ. "ಮಕ್ಕಳು ಸುಮ್ನೆ ಟೈರು ನೋಡ್ತಾ ಕೂತಿದ್ದಾರೆ ಅಷ್ಟೆ."

ದೇವರು ವರ ಕೊಟ್ಟರೂ ಪೂಜಾರಿ ಬಿಡ ಎನ್ನುತ್ತಾರಲ್ಲ, ಹಾಗಾಯಿತು. ಆದರೆ ನನಗೇನೂ ಆತಂಕವಿರಲಿಲ್ಲ. ಮೂರನೆಯದು ಬರುತ್ತದೆ ಎಂದು ಎದ್ದು ಕೂತು ಬಟ್ಟೆ ಕೊಡವಿಕೊಂಡೆ. ಡೆಲ್ಮರ್ ಟ್ರಕ್ಕಿಗೆ ಒರಗಿ, ಗಾಳಿ ತೆಂಕಣದಿಂದ ಬೀಸುತ್ತಿದೆ ಎಂದ. ಮಣ್ಣು ಇನ್ನೂ ತಣ್ಣಗಿದೆ, ಮೆಕ್ಕೆಜೋಳ ತಡವಾಗುತ್ತದೆ ಎಂದ. ಹೋದ ವರ್ಷ ಇಷ್ಟು ಹೊತ್ತಿಗೆ ಮೊಳಕೆ ಬಂದಿತ್ತು ಎಂದ. ನಾವು ಮೂವರೂ ಅವನ ಬಾಯನ್ನೇ ನೋಡುತ್ತ ನಿಂತೆವು. ಹತ್ತು ನಿಮಿಷದ ಮೇಲೆ ಟ್ರಕ್ಕಿನ ಬಾಗಿಲು ತಟ್ಟಿ, "ಸರಿ ಹಾಗಾದ್ರೆ" ಎಂದು ಹತ್ತಿ ಹೊರಟೇ ಹೋದ.

ಅವನದೂ ತಪ್ಪಲ್ಲ. ಕೇಳುವವರಿಗೂ ಒಂದು ನಿಯಮ ಇದೆ. ಎರಡು ಸಲ ಬೇಡ ಎಂದವರನ್ನು ನಿಂತ ಕಾಲಲ್ಲೇ ಮೂರನೆಯ ಸಲ ಕೇಳಿದರೆ, ನಿನಗೆ ಕೈಲಾಗುವುದಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಸ್ವಲ್ಪ ದೂರ ಹೋಗಿ, ಮನಸ್ಸು ಚುಚ್ಚಿ, ಆಮೇಲೆ ಕೇಳಬೇಕು. ಮನೆಯ ಊಟಕ್ಕೆ ಇದು ಸರಿಹೋಗುತ್ತದೆ, ಅಡಿಗೆಮನೆಗೆ ಹೋಗಿ ವಾಪಸು ಬರುತ್ತಾರೆ. ಟ್ರಕ್ಕಿನಲ್ಲಿ ಇದ್ದವನು ಎಷ್ಟು ದೂರ ಹೋಗಿ ಚುಚ್ಚಿಸಿಕೊಳ್ಳುತ್ತಾನೆ ಎಂದು ನಾನು ಲೆಕ್ಕ ಹಾಕಿರಲಿಲ್ಲ.

ಎರಡನೆಯದಾಗಿ ಬಂದದ್ದು ನಮ್ಮ ಚರ್ಚಿನ ಆರ್ಡಿಸ್. ಅವಳು ಮೊದಲು ಕಾಫಿ ಬೇಕಾ ಎಂದಳು, ಆಮೇಲೆ ಗಂಡನನ್ನು ಪಾನಾ ಸಮೇತ ಕಳಿಸಲಾ ಎಂದಳು. ಟೋರಿನ್ "ಹೂಂ" ಎನ್ನಲು ಬಾಯಿ ತೆಗೆದಿದ್ದ. ಅವನ ಹೂಂ ಹೊರಬೀಳುವ ಮೊದಲೇ ನಾನು ದಿಬ್ಬ ಇಳಿದು ಬಂದು, ಅಯ್ಯೋ ಅವರ ಸೊಂಟನೋವು ಹೇಗಿದೆ, ಅವರನ್ನು ಯಾಕೆ ಎಬ್ಬಿಸುತ್ತೀ ಎಂದು ಒಮ್ಮೆ, ನಾವು ಹೊರಟೇಬಿಟ್ಟೆವು ಎಂದು ಇನ್ನೊಮ್ಮೆ ಹೇಳಿದ್ದೆ. (ಕಾರು ಒಂದು ಕಡೆ ವಾಲಿಕೊಂಡು ನಿಂತಿತ್ತು.) ಆರ್ಡಿಸ್ ಹೋದಳು. ಗಂಟೆ ಹನ್ನೊಂದೂ ಐದು.

ಬ್ರಿಟಾ ನನ್ನ ಮುಂದೆ ಬಂದು ನಿಂತಳು. ರೇಗುತ್ತಾಳೆ ಎಂದುಕೊಂಡೆ. ರೇಗಲಿಲ್ಲ.

"ಅಪ್ಪಾ, ಮಾತಾಡಲ್ಲ ಅಂದಿದ್ದೆ. ಬೆಳಿಗ್ಗೆಯಿಂದ ಬಾಯಿ ಬಿಟ್ಟಿರೋದು ಎರಡೇ ಸಲ. ಎರಡು ಸಲಾನೂ ಬಂದ ಸಹಾಯಾನ ವಾಪಸ್ ಕಳಿಸಿದ್ದೀಯಾ."

"ಮೂರನೇ ಸಲ ಕೇಳಿದ್ರೆ ನಾನೇ ಹೂಂ ಅಂತಿದ್ದೆ ಕಣೇ."

"ಮೂರನೇ ಸಲ ಕೇಳೋ ಹೊತ್ತಿಗೆ ಕೆರೆ ಮತ್ತೆ ಹೆಪ್ಪುಗಟ್ಟಿರುತ್ತೆ."

ಕಣ್ಣಲ್ಲಿ ನೀರು ಬಂದದ್ದನ್ನು ಗ್ರೀಸಾದ ಕೈಯಿಂದ ಒರೆಸಿಕೊಂಡಳು, ಕೆನ್ನೆಯೆಲ್ಲ ಕಪ್ಪಾಯಿತು. ಚಳಿಯಲ್ಲಿ ಒದ್ದೆ ತಲೆಯಲ್ಲಿ ಬಸ್ಸಿಗೆ ಓಡುತ್ತಿದ್ದ ಹುಡುಗಿ ನೆನಪಾದಳು. ನಾನೇನು ಮಾಡಲಮ್ಮ, ಹೇಳು ಎಂದೆ. ಅವಳು ಹೊಲದ ಬೇಲಿಯ ಮೂಲೆಯಲ್ಲಿದ್ದ ಒಂದು ಕಂಬ ತೋರಿಸಿದಳು, ಇಲ್ಲಿಂದ ನೂರು ಹೆಜ್ಜೆ. ಅಲ್ಲಿ ಹೋಗಿ ಆ ಕಡೆ ಮುಖ ಮಾಡಿ ನಿಂತುಕೋ, ಯಾರು ಬಂದರೂ ತಿರುಗಬೇಡ ಎಂದಳು. ಹದಿನಾರು ವರ್ಷ ಅನ್ನ ಹಾಕಿ ಸಾಕಿದ ತಂದೆ, ತರಗತಿಯಲ್ಲಿ ಗಲಾಟೆ ಮಾಡಿದ ಹುಡುಗನ ಹಾಗೆ, ಕಂಬದ ಹತ್ತಿರ ಹೋಗಿ ನಿಂತೆ.

ಬೆನ್ನ ಹಿಂದೆ ನಡೆದದ್ದನ್ನು ಟೋರಿನ್ ಆಮೇಲೆ ಹೇಳಿದ. ಮೂರನೆಯದಾಗಿ ಬಂದದ್ದು ಮೀನಿನ ಜಾತ್ರೆಗೆ ತಾತ್ಕಾಲಿಕ ಕಕ್ಕಸುಗಳನ್ನು ಹೇರಿಕೊಂಡು ಹೊರಟಿದ್ದ ಲಾರಿ. ಓಡಿಸುತ್ತಿದ್ದವಳು ಟ್ವೈಲಾ ಎಂಬ ಆಳೆತ್ತರದ ಹೆಂಗಸು, ಪಕ್ಕದ ಜಿಲ್ಲೆಯವಳು, ಅಂದರೆ ನಮ್ಮದೇ ಸಂಸ್ಕಾರ. ಲಾರಿ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿ "ಏನಾದ್ರೂ..." ಎಂದಳಂತೆ ಅಷ್ಟೆ.

"ಬೇಕು" ಎಂದಳು ಬ್ರಿಟಾ. "ನಟ್ಟು ಬರ್ತಿಲ್ಲ, ಹನ್ನೆರಡಕ್ಕೆ ನಾನು ರೀಡ್ ಲೇಕಲ್ಲಿ ಇರ್ಬೇಕು. ನಿಮ್ಮ ಹತ್ರ ಪೈಪ್ ಇದೆಯಾ?"

ಟ್ವೈಲಾ ಬಾಯಿ ತೆರೆದದ್ದು ಹಾಗೇ ಉಳಿಯಿತಂತೆ. ಅವಳ ಬಳಿ ಇನ್ನೂ ಎರಡು ಪ್ರಶ್ನೆ ಬಾಕಿ ಇದ್ದವು, ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಗಳಿಗೆ ಮಿಕಮಿಕ ನೋಡಿದಳಂತೆ. ಆಮೇಲೆ ಇಳಿದು ಬಂದು, ಪೈಪು ಸಿಕ್ಕಿಸಿ, ಉಸಿರು ಬಿಗಿಹಿಡಿದು ಐದು ನಟ್ಟನ್ನೂ ಬಿಚ್ಚಿದಳು. ಯಾವ ರಾಕ್ಷಸ ಬಿಗಿದಿದ್ದು ಎಂದು ಕೇಳಿದಳಂತೆ, ಮಕ್ಕಳಿಬ್ಬರೂ ಕಂಬದ ಕಡೆ ನೋಡಿದರಂತೆ. ಬ್ರಿಟಾ ಸ್ಟೆಪ್ನಿ ಹಾಕುವಷ್ಟರಲ್ಲಿ ಟ್ವೈಲಾ ಲಾರಿ ಹತ್ತಿ, ಹೀಗೆ ನೇರವಾಗಿ ಹೇಳಿದರೆ ಎಷ್ಟು ಹಗುರ ಅಲ್ಲವಾ ಎಂದು ತನಗೆ ತಾನೇ ಹೇಳಿಕೊಂಡು ಹೋದಳಂತೆ.

ನನ್ನನ್ನು ಕರೆದರು. ಗಂಟೆ ಹನ್ನೊಂದೂ ಇಪ್ಪತ್ತೈದು, ದಾರಿ ಇನ್ನು ಹದಿನಾಲ್ಕು ಮೈಲಿ. ಆರಾಮವಾಗಿ ತಲುಪಬಹುದಿತ್ತು. ಅಷ್ಟರಲ್ಲಿ ಒಂದು ಕಡೆಯಿಂದ ಡೆಲ್ಮರನ ಟ್ರಕ್ಕು, ಇನ್ನೊಂದು ಕಡೆಯಿಂದ ಆರ್ಡಿಸಳ ಕಾರು ಧೂಳೆಬ್ಬಿಸಿಕೊಂಡು ಬಂದವು.

ಮನಸ್ಸು ಚುಚ್ಚಿತ್ತು! ಡೆಲ್ಮರ್ ಅರ್ಧ ಬಿತ್ತನೆ ನಿಲ್ಲಿಸಿ, ಟೈರಿಗೆ ಗಾಳಿ ತುಂಬುವ ಯಂತ್ರವನ್ನೂ ದೊಡ್ಡ ಜಾಕನ್ನೂ ಹೇರಿಕೊಂಡು ಬಂದಿದ್ದ. ಆರ್ಡಿಸ್ ಸೊಂಟನೋವಿನ ಗಂಡನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು, ಒಂದು ಫ್ಲಾಸ್ಕ್ ಕಾಫಿ, ಒಂದು ತಟ್ಟೆ ಕೇಕು ಹಿಡಿದು ಬಂದಿದ್ದಳು. ಇಬ್ಬರೂ ಇಳಿದವರೇ ಒಂದೇ ಉಸಿರಿಗೆ ಮೂರನೆಯ ಸಲ ಕೇಳಿದರು. ನಾನು ಮಕ್ಕಳ ಕಡೆ ತಿರುಗಿ, ನೋಡಿದಿರಾ ನಮ್ಮ ಪದ್ಧತಿ ಎಂಬಂತೆ ಹುಬ್ಬು ಹಾರಿಸಿದೆ. ಬ್ರಿಟಾ ಟೈರು ತೋರಿಸಿ, ಆಗಿಹೋಯಿತು, ತುಂಬ ಉಪಕಾರ ಎಂದಳು. ಪಾಪ, ಇಬ್ಬರ ಮುಖವೂ ಸಪ್ಪಗಾಯಿತು. ಮೂರನೆಯ ಸಲ ಕೇಳಿ ಇಲ್ಲ ಅನ್ನಿಸಿಕೊಂಡವರು ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಅವರು ಮೊದಲಿಗರಿರಬೇಕು.

ಇಷ್ಟು ಮಾಡಿ ಬಂದವರನ್ನು ಹಾಗೇ ಬಿಟ್ಟು ಹೊರಡಲು ನಾವೇನು ಕಾಡುಜನವೇ? ನಾನು ಒಂದು ಲೋಟ ಕಾಫಿ ತೆಗೆದುಕೊಂಡೆ. (ಎರಡು ಸಲ ಬೇಡ ಅಂದ ಮೇಲೆ.) ಡೆಲ್ಮರನ ಮಣ್ಣಿನ ತಂಪು ವಿಚಾರಿಸಿದೆ, ಆರ್ಡಿಸಳ ಗಂಡನ ಸೊಂಟ ವಿಚಾರಿಸಿದೆ. ಆಮೇಲೆ ತೊಡೆ ತಟ್ಟಿಕೊಂಡು "ಸರಿ ಹಾಗಾದ್ರೆ" ಎಂದೆ. ಗೊತ್ತಿಲ್ಲದವರು ಇದನ್ನು ಹೊರಡುವ ಮಾತು ಎಂದುಕೊಳ್ಳುತ್ತಾರೆ. ಅಲ್ಲ, ಅದು ಹೊರಡುವ ಮಾತಿನ ಪೀಠಿಕೆ. ಅದಾದ ಮೇಲೆ ನಿಂತುಕೊಂಡು ಆಡುವ ಮಾತು, ಕಾರಿನ ಕಡೆ ನಾಲ್ಕು ಹೆಜ್ಜೆ ಹೋಗಿ ಆಡುವ ಮಾತು, ಬಾಗಿಲ ಹಿಡಿ ಹಿಡಿದು ಆಡುವ ಮಾತು, ಎಲ್ಲ ಇದೆ. ನಾವು ಎರಡನೆಯ ಮೆಟ್ಟಿಲಲ್ಲಿದ್ದೆವು.

"ಅಪ್ಪಾ, ಬಾ" ಎಂದಳು ಬ್ರಿಟಾ.

"ಒಂದು ನಿಮಿಷ."

"ಅಪ್ಪಾ, ಬರ್ತೀಯಾ?"

ಒಂದು ಬೆರಳೆತ್ತಿ ತೋರಿಸಿದೆ. ಆರ್ಡಿಸ್ ತನ್ನ ಗಂಡನ ಸೊಂಟದ ಎಕ್ಸ್‌ರೇ ವಿಷಯದ ಮಧ್ಯದಲ್ಲಿದ್ದಳು. ಇಂಥ ಕಡೆ ಮಾತು ತುಂಡರಿಸುವುದು ಮನುಷ್ಯತ್ವವಲ್ಲ.

"ಅಪ್ಪಾ, ಕೊನೇ ಸಲ ಕೇಳ್ತಿದ್ದೀನಿ. ಬರ್ತೀಯೋ ಇಲ್ವೋ?"

"ಬಂದೆ ಬಂದೆ" ಎಂದೆ, ಎಕ್ಸ್‌ರೇ ಕಡೆ ಮುಖ ಮಾಡಿಕೊಂಡು. ಎಕ್ಸ್‌ರೇ ಮುಗಿಸಿ ತಿರುಗಿ ನೋಡುತ್ತೇನೆ, ರಸ್ತೆ ಬಯಲು. ದೂರದಲ್ಲಿ ನನ್ನ ಕಾರು ಒಂದು ಚುಕ್ಕೆಯಾಗಿ ಹೋಗುತ್ತಿತ್ತು. ನನ್ನ ಫೋನು, ಕೋಟು ಎರಡೂ ಹಿಂದಿನ ಸೀಟಿನಲ್ಲೇ ಇದ್ದವು. ಮೂರು ಸಲ ಕೇಳಿದ್ದಳು, ಲೆಕ್ಕ ಸರಿಯಿತ್ತು. ತಕರಾರು ತೆಗೆಯಲು ಜಾಗವೇ ಇರಲಿಲ್ಲ.

ಡೆಲ್ಮರ್ ಕೆಮ್ಮಿದ. "ಮನೆಗೆ ಬಿಟ್ಟು ಬರ್ಲಾ ಆರ್ಲೆನ್?"

"ಛೆ ಛೆ, ಬೇಡಪ್ಪ. ನಡೆಯೋದು ಒಳ್ಳೇದು ಅಂತ ಡಾಕ್ಟ್ರೇ ಹೇಳಿದ್ದಾರೆ."

"ನಿಜವಾಗ್ಲೂ? ಹದಿನೆಂಟು ಮೈಲಿ ಇದೆ."

"ಹವಾ ಎಷ್ಟು ಚೆನ್ನಾಗಿದೆ ನೋಡು" ಎಂದೆ. ಮೂರನೆಯ ಸಲದ ಉತ್ತರ ನಾಲಿಗೆ ತುದಿಯಲ್ಲಿ ಸಿದ್ಧವಾಗಿ ಕೂತಿತ್ತು.

ಡೆಲ್ಮರ್ ಆರ್ಡಿಸಳ ಮುಖ ನೋಡಿದ. ಆಮೇಲೆ ಟೋಪಿ ಸರಿಮಾಡಿಕೊಂಡು ನಿಧಾನವಾಗಿ ಹೇಳಿದ. "ನಿನ್ನ ಮಗಳನ್ನ ನೋಡಿ ಇವತ್ತು ಒಂದು ಬುದ್ಧಿ ಕಲಿತೆ ಕಣಯ್ಯ. ಆ ಹುಡುಗಿ ಆಗಿಹೋಯ್ತು ಅಂದ್ರೆ ಆಗಿಹೋಯ್ತು. ಸುಮ್ನೆ ಎಲ್ಲರಿಗೂ ಒತ್ತಾಯ ಮಾಡಿ ಮಾಡಿ ನಾವೇ ಹಿಂಸೆ ಕೊಡ್ತಿದ್ವೇನೋ. ಇನ್ಮೇಲೆ ಯಾರು ಏನು ಹೇಳ್ತಾರೋ ಅದನ್ನೇ ನಂಬ್ತೀನಿ. ನಡಿ, ಆರಾಮಾಗಿ ನಡಿ."

ಆರ್ಡಿಸ್ ಹೌದೌದು ಎಂದು ತಲೆಯಾಡಿಸಿ ನನ್ನ ಕೈಯಿಂದ ಲೋಟ ತೆಗೆದುಕೊಂಡಳು. ಅವರ ಗಾಡಿಗಳು ಎರಡು ಕಡೆಗೆ ಹೋದವು. ನಾನು ನಡುವೆ ನಿಂತೆ. ನಾಲ್ಕು ತಲೆಮಾರಿನ ಪದ್ಧತಿಯನ್ನು ನನ್ನ ಮಗಳು ಒಂದು ಬೆಳಿಗ್ಗೆಯಲ್ಲಿ ಕೆಡಿಸಿಟ್ಟಿದ್ದಳು, ಅದರ ಮೊದಲ ಏಟು ನನಗೇ ಬಿತ್ತು.

ಮನೆಗೆ ಹದಿನೆಂಟು, ಕೆರೆಗೆ ಹದಿನಾಲ್ಕು. ಕೆರೆಯ ಕಡೆ ನಡೆದೆ. ಹೊಸ ಬೂಟು ಮೊದಲ ಮೈಲಿಯಲ್ಲೇ ಕಚ್ಚಿತು. ದೋಣಿ ಎಳೆದುಕೊಂಡು ಹೋಗುವ ಮೀನು ಹಿಡಿಯುವವರ ಕಾರುಗಳು ಸಾಲಾಗಿ ಬಂದವು, ಒಂದೊಂದೂ ನನ್ನ ಪಕ್ಕ ನಿಧಾನ ಮಾಡಿತು. (ನಮ್ಮ ಜನ ಚಿನ್ನದಂಥವರು.) ಕಿಟಕಿ ಇಳಿದ ಕೂಡಲೇ ನನ್ನ ನಾಲಿಗೆ "ಏನಿಲ್ಲ, ಪರವಾಗಿಲ್ಲ, ನೀವು ಹೋಗಿ" ಎನ್ನುತ್ತಿತ್ತು. ನಾಲ್ಕನೆಯ ಕಾರಿಗೆ ಹೂಂ ಎಂದೇಬಿಡುತ್ತೇನೆ ಎಂದು ಅರ್ಧ ಮೈಲಿ ಅಭ್ಯಾಸ ಮಾಡಿದೆ. ಅದು ಬಂತು, ಕೇಳಿತು, ನಾನು ಪರವಾಗಿಲ್ಲ ಎಂದೆ, ಅದೂ ಹೋಯಿತು. ಅವರಿಗೆಲ್ಲ ಮೀನಿನ ಅವಸರ, ಯಾರೂ ಎರಡನೆಯ ಸಲ ಕೇಳಲಿಲ್ಲ. ಇದರ ಮಧ್ಯೆ ಹುಡುಗಿ ಹನ್ನೆರಡಕ್ಕೆ ತಲುಪಿದಳೋ ಇಲ್ಲವೋ ಎಂಬ ಚಿಂತೆ ಬೂಟಿಗಿಂತ ಹೆಚ್ಚು ಕಚ್ಚುತ್ತಿತ್ತು. ನನ್ನ ಕಾಫಿಯಿಂದಾಗಿ ಕೆಲಸ ತಪ್ಪಿದರೆ ಅವಳಿಗೆ ಯಾವ ಮುಖ ತೋರಿಸಲಿ?

ಎರಡೂವರೆ ಆಗಿರಬೇಕು. ಆರೇಳು ಮೈಲಿ ಕುಂಟಿದ್ದೆ. ತಲೆ ತಗ್ಗಿಸಿ ನಡೆಯುತ್ತಿದ್ದಾಗ ಎದುರಿನಿಂದ ಬಂದ ಕಾರೊಂದು ದಾಟಿ ಹೋಗಿ, ರಿವರ್ಸಿನಲ್ಲಿ ಬಂದು ನನ್ನ ಪಕ್ಕದಲ್ಲಿ ನಿಂತಿತು. ನಾನು ತಲೆ ಎತ್ತದೆ, "ಏನಿಲ್ಲ, ಪರವಾಗಿಲ್ಲ, ನೀವು ಹೋಗಿ" ಎಂದೆ.

ಯಾರೂ ಏನೂ ಕೇಳಿಯೇ ಇರಲಿಲ್ಲ. ಬಾಗಿಲು ತೆರೆದ ಸದ್ದಾಯಿತು. ಹಿಂದಿನಿಂದ ಎರಡು ಗಟ್ಟಿಮುಟ್ಟಾದ ತೋಳು ನನ್ನ ಕಂಕುಳಲ್ಲಿ ತೂರಿ ಎದೆಯ ಮೇಲೆ ಬಿಗಿದುಕೊಂಡವು. ಯಾರೋ ಕಾಲು ಎತ್ತಿದರು. ಹಿಮ್ಮುಖವಾಗಿ ನಾಲ್ಕು ಗಜ ಎಳೆಸಿಕೊಂಡು ಹೋಗಿ, ನಾನು ನನ್ನದೇ ಕಾರಿನ ಹಿಂದಿನ ಸೀಟಿನಲ್ಲಿ ಬಿದ್ದಿದ್ದೆ. ಬ್ರಿಟಾ ನನಗೆ ಬೆಲ್ಟು ಬಿಗಿದು, ಬಾಗಿಲು ಹಾಕಿ, ಹೋಗಿ ಸ್ಟೀರಿಂಗಿನ ಮುಂದೆ ಕೂತಳು. ಟೋರಿನ್ "ನೇರಕ್ಕೆ ಹೋಗು" ಎಂದ.

"ಮಿಸ್ಟರ್ ಹೌಗನ್ ಮನೆಗೆ ಬಿಟ್ಟಿರ್ತಾರೆ ಅಂದ್ಕೊಂಡು ನಾವು ಐಸ್‌ಕ್ರೀಮ್ ತಿಂತಾ ಕೂತಿದ್ವಿ" ಎಂದಳು ಬ್ರಿಟಾ. "ಅಮ್ಮಂಗೆ ಫೋನ್ ಮಾಡಿದ್ರೆ, ಬಿಟ್ಟಿರಲ್ಲ, ನಿಮ್ಮಪ್ಪ ಬೇಡ ಅಂದಿರ್ತಾರೆ, ರಸ್ತೆ ಮೇಲೆ ಹುಡುಕಿ ಅಂದ್ಲು."

"ಒಂದು ಮಾತು ಕೇಳದೆ ಹೀಗೆ ಎಳ್ಕೊಂಡು ಬರೋದಾ?" ಎಂದೆ, ಇದ್ದಬದ್ದ ಮರ್ಯಾದೆಯನ್ನೆಲ್ಲ ಒಟ್ಟು ಮಾಡಿ.

"ಮಿಸೆಸ್ ಕ್ವಾಮ್ ನನ್ನ ಕೇಳಿದ್ದೂ ಅದೊಂದೇ ಪ್ರಶ್ನೆ ಅಪ್ಪಾ. ನಮ್ಮ ಕಡೆಯವನು ಒಬ್ಬ ಕೆರೇಲಿ ಮುಳುಗ್ತಿದ್ದಾನೆ. ನೀನು ಹತ್ರ ಹೋದ್ರೆ, ಏನಿಲ್ಲ, ಪರವಾಗಿಲ್ಲ, ನೀನು ಹೋಗಮ್ಮ ಅಂತಾನೆ. ಎಷ್ಟು ಸಲ ಕೇಳ್ತೀಯಾ ಅಂತ."

"ನೀನೇನಂದೆ?"

"ಒಂದು ಸಲಾನೂ ಕೇಳಲ್ಲ, ಹಿಂದಿನಿಂದ ಹೋಗಿ ಎಳ್ಕೊಂಡು ಬರ್ತೀನಿ, ಮನೇಲಿ ಅಂಥವರೊಬ್ಬರಿದ್ದಾರೆ ಅಂದೆ. ಇನ್ನೊಬ್ಬ ಹುಡುಗನ್ನ ಒಳಗೇ ಕರೀಲಿಲ್ಲ. ಸೋಮವಾರದಿಂದ ಕೆಲಸ."

ನನ್ನ ಗಂಟಲು ಧೂಳು ಕುಡಿದು ಮರಳುಗಾಡಾಗಿತ್ತು. ಕೀಲಿ ನಿನ್ನ ಹತ್ತಿರವೇ ಇರಲಿ ಮಗಳೇ ಎಂದು ಹೇಗೋ ಹೇಳಿದೆ. ಅವಳು ಒಂದು ಸಲವೂ ಬೇಡ ಎನ್ನದೆ, "ಥ್ಯಾಂಕ್ಸ್ ಅಪ್ಪಾ" ಎಂದಳು.

ಟೋರಿನ್ ಹಿಂದೆ ತಿರುಗಿ ನೀರಿನ ಬಾಟಲಿ ಚಾಚಿದ. ಒಳಗೆ ಐಸಿನ ತುಂಡು ಗಲಗಲ ಎನ್ನುತ್ತಿತ್ತು.

"ಅಪ್ಪಾ, ನೀರು ಬೇಕಾ?"

"ಪರವಾಗಿಲ್ಲಪ್ಪ, ನೀನು ಕುಡಿ" ಎಂದೆ.

ಅವನು ಸರಿ ಎಂದು ಗಟಗಟ ಕುಡಿದು ಮುಚ್ಚಳ ತಿರುಗಿಸಿದ. ಇನ್ನೆರಡು ಸಲ ಕೇಳುತ್ತಾನೆ ಎಂದು ನಾನು ಮನೆ ಬರುವವರೆಗೂ ಕಾದೆ.